ಮೊದಲು ಪ್ಲಗ್ ನೋಡು

ಟೋಬಿನ್ ಊರಿನಲ್ಲಿ ಯಾರ ಮನೆಯ ಕಂಪ್ಯೂಟರ್ ಕೈಕೊಟ್ಟರೂ ಮೊದಲ ಫೋನು ಹೋಗುತ್ತಿದ್ದದ್ದು ವರ್ಲಿನ್ ಹ್ರಬಾಕ್‌ಗೆ. ಅದೇನೂ ಅವನ ಕಸುಬಲ್ಲ. ದೊಡ್ಡ ಚಕ್ರಗಳ ಮೇಲೆ ಹೊಲವಿಡೀ ಸುತ್ತುತ್ತ ಮೆಕ್ಕೆಜೋಳಕ್ಕೆ ನೀರು ಹಾಯಿಸುವ ಉದ್ದನೆಯ ಯಂತ್ರಗಳಿರುತ್ತವಲ್ಲ, ಅವುಗಳ ವೈರಿಂಗ್ ನೋಡಿಕೊಳ್ಳುವವನು ಅವನು. ಆದರೆ ವೈರು ಎಂದಮೇಲೆ ಎಲ್ಲ ವೈರೂ ಒಂದೇ ಎಂದು ಊರಿನವರು ನಂಬಿದ್ದರು. ವರ್ಲಿನ್ ಅವರಿಗಿಂತ ಹೆಚ್ಚು ನಂಬಿದ್ದ. ಕರೆದ ಮನೆಗೆ ಹೋಗಿ ತಲೆಯ ಮೇಲಿನ ಟೋಪಿ ತೆಗೆಯುವುದಕ್ಕೂ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದ: "ಮೊದ್ಲು ಪ್ಲಗ್ ನೋಡಿದ್ರಾ?" ಎಷ್ಟೋ ಸಲ ಪ್ಲಗ್ಗೇ ಸಡಿಲವಾಗಿರುತ್ತಿತ್ತು; ಒಬ್ಬ ಮುದಿ ವಿಧವೆಯ ಪ್ರಿಂಟರ್ 'ಕೆಟ್ಟಿದ್ದೂ' ಹಾಗೇ. ಮಾರನೆಯ ಬೆಳಿಗ್ಗೆ ಧಾನ್ಯದ ಗೋದಾಮಿನ ಕಚೇರಿಯಲ್ಲಿ, ಕಾಫಿ ಮೇಜಿನ ಸುತ್ತ, ಆ ಮನೆಯವರ ಮಾನ ಹರಾಜಾಗುತ್ತಿತ್ತು.

ಆ ಮೇಜಿನ ವಿಷಯ ಹೇಳಲೇಬೇಕು. ದಿನಾ ಬೆಳಿಗ್ಗೆ ಅಲ್ಲಿ ಊರಿನ ಗಂಡಸರು ಕೂತು ಚರ್ಮದ ಲೋಟದಲ್ಲಿ ದಾಳ ಕುಲುಕಿ ಹಾಕುತ್ತಾರೆ. ಸೋತವನು ಎಲ್ಲರಿಗೂ ಕಾಫಿ ಕೊಡಿಸಬೇಕು. ಅಷ್ಟೇ ಆಗಿದ್ದರೆ ಪಾಡಾಗಿತ್ತು. ಊರಿನಲ್ಲಿ ಯಾರು ಏನು ಪೆದ್ದುತನ ಮಾಡಿದರೂ ಅವರಿಗೆ ಅಡ್ಡಹೆಸರು ಇಡುವುದೂ ಅದೇ ಮೇಜು. ಅಲ್ಲಿ ಇಟ್ಟ ಹೆಸರು ಸಾಯುವ ತನಕ ಬಿಡುವುದಿಲ್ಲ. ಬಿಡುವುದಿಲ್ಲ ಅಂದರೆ ಸತ್ತಮೇಲೂ ಬಿಡುವುದಿಲ್ಲ. ಗ್ಲೆನ್ ವೊಂಡ್ರಾ ಹುಡುಗನಾಗಿದ್ದಾಗ ಟ್ರ್ಯಾಕ್ಟರನ್ನು ದನದ ಕೆರೆಗೆ ಇಳಿಸಿದ್ದನಂತೆ. ಮುದುಕನಾಗಿ, ಮೊಮ್ಮಕ್ಕಳನ್ನು ಕಂಡು, ಚರ್ಚಿನ ಹಿರಿಯನಾಗಿ ಕಣ್ಣು ಮುಚ್ಚಿದ ಆ ಮನುಷ್ಯನ ಸಾವಿನ ಸುದ್ದಿ ಪೇಪರಿನಲ್ಲಿ ಬಂದದ್ದು 'ಗ್ಲೆನ್ ಕಪ್ಪೆ ವೊಂಡ್ರಾ' ಎಂದು. ಹೆಂಡತಿಯೇ ಹಾಗೆ ಬರೆಸಿದ್ದಳು. ಬರೀ ಗ್ಲೆನ್ ಅಂದರೆ ಯಾರಿಗೆ ಗೊತ್ತಾಗುತ್ತೆ, ಪಾಪ!

ಇಂಥ ಮೇಜಿನ ಮುಂದೆ ವರ್ಲಿನ್ ತನ್ನ ಸ್ವಂತ ಮಗಳನ್ನು ತಂದು ನಿಲ್ಲಿಸಿದ.

ಮಗಳು ಟೆನ್ಲಿ, ಹೈಸ್ಕೂಲಿನ ಹುಡುಗಿ. ಓಟ, ಚೆಂಡು ಯಾವುದೂ ಅವಳಿಗೆ ಒಗ್ಗಿರಲಿಲ್ಲ. ಆದರೆ ಕಂಪ್ಯೂಟರ್ ಆಟದಲ್ಲಿ ಅವಳ ಕೈ ಚುರುಕು. ಶಾಲೆಯಲ್ಲಿ ಹೋದ ವರ್ಷದಿಂದ ಅದಕ್ಕೂ ಒಂದು ತಂಡ ಮಾಡಿದ್ದರು. ಐದು ಜನ ಸೇರಿ ಆಡುವ ಆಟ. ಗಣಿತದ ಟೀಚರ್ ಸ್ಟಾರಾ ಮೇಡಂ ಅದರ ಗುರು. ಆಯ್ಕೆಯ ಆಟಗಳನ್ನು ಅವರವರ ಮನೆಯಿಂದಲೇ ಆಡಬೇಕು. ಹಳೆಯ ಕಂಪ್ಯೂಟರಿನಲ್ಲಿ ಅದು ಆಗುವ ಮಾತಲ್ಲ, ಚಿತ್ರ ತಡೆತಡೆದು ಬರುತ್ತಿತ್ತು. ಚಿತ್ರವನ್ನು ಸರಾಗವಾಗಿ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದಳು. "ಬೇಕಾದ್ರೆ ದುಡ್ಕೊಂಡು ತಗೋ" ಎಂದ ವರ್ಲಿನ್. ಹುಡುಗಿ ಎದುರಾಡಲಿಲ್ಲ. ಬೇಸಿಗೆ ರಜೆಯ ಜುಲೈ ತಿಂಗಳಲ್ಲಿ ಮೆಕ್ಕೆಜೋಳದ ಹೊಲಗಳಲ್ಲಿ ಸೂಲಂಗಿ, ಅಂದರೆ ಗಿಡದ ತುದಿಯ ಹೂತೆನೆ, ಕೀಳುವ ಕೆಲಸಕ್ಕೆ ಹೋದಳು. ಬೆಳಗಾಗುವ ಮುಂಚೆ ಬಸ್ಸು, ಇಬ್ಬನಿಯಲ್ಲಿ ಮೈಯೆಲ್ಲ ತೊಪ್ಪೆ, ಮಧ್ಯಾಹ್ನ ಬೆಂಕಿಯಂಥ ಬಿಸಿಲು. ಜೋಳದ ಗರಿ ಕೊಯ್ದು ಕತ್ತು, ಮುಂಗೈ ಎಲ್ಲ ಕೆಂಪು ದದ್ದು. ಸಂಜೆ ಮನೆಗೆ ಬಂದವಳು ಬೂಟು ಬಿಚ್ಚುವುದಕ್ಕೂ ತ್ರಾಣವಿಲ್ಲದೆ ಮೆಟ್ಟಿಲ ಮೇಲೆಯೇ ನಿದ್ದೆ ಹೋಗುತ್ತಿದ್ದಳು. ಹಾಗೆ ದುಡಿದು ಆ ಕಾರ್ಡ್ ತಂದಳು.

ಕಾರ್ಡ್ ಕೂರಿಸುವ ಕೆಲಸ ವರ್ಲಿನ್‌ನದು. ಕೆಲಸದಲ್ಲಿ ಅವನಿಗೊಂದು ಕ್ರಮವಿತ್ತು. ಅದನ್ನು ಅವನು ದೇವರ ಪೂಜೆಯಂತೆ ಪಾಲಿಸುತ್ತಿದ್ದ. ಯಾವ ವೈರು ಬಿಚ್ಚುವ ಮೊದಲೂ ಅದಕ್ಕೊಂದು ಬಣ್ಣದ ಟೇಪು, ಅದು ಕೂತಿದ್ದ ತೂತಿಗೂ ಅದೇ ಬಣ್ಣದ ಟೇಪು. ಬಿಚ್ಚಿದ್ದೆಲ್ಲ ಮೊದಲಿದ್ದ ಜಾಗಕ್ಕೇ ವಾಪಸ್ಸು ಹೋಗಬೇಕು. ಹೊಲದ ನಡುವೆ ನೂರಾರು ವೈರುಗಳ ಪೆಟ್ಟಿಗೆ ತೆರೆಯುವವನಿಗೆ ಇದು ಜೀವ ಉಳಿಸುವ ಅಭ್ಯಾಸ. ಹೊಸ ಕಾರ್ಡಿನ ಹಿಂಬದಿಯ ತೂತುಗಳಿಗೆ ಪುಟ್ಟ ಕಪ್ಪು ರಬ್ಬರ್ ಮುಚ್ಚಳಗಳಿದ್ದವು. ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದ ಟೆನ್ಲಿ ಕೇಳಿದಳು:

"ಅಪ್ಪಾ, ಆ ಮುಚ್ಚಳ ತೆಗೀಬೇಕಲ್ವಾ? ಪರದೆಯ ವೈರು ಇನ್ಮೇಲೆ ಇದಕ್ಕಲ್ವಾ ಬರೋದು?"

"ಅದು ಧೂಳು ಹೋಗ್ದೇ ಇರ್ಲಿ ಅಂತ ಇಟ್ಟಿರೋದು ಕಣೇ. ನೀನು ಹುಟ್ಟೋಕ್ಮುಂಚಿಂದ ವೈರು ಕಟ್ತಿದೀನಿ. ನಂಗೇ ಪಾಠ ಹೇಳ್ತೀಯಾ? ಟಾರ್ಚ್ ನೆಟ್ಟಗೆ ಹಿಡಿ."

ಅವಳು ಟಾರ್ಚ್ ನೆಟ್ಟಗೆ ಹಿಡಿದಳು. ನೀಲಿ ಟೇಪು ಸುತ್ತಿದ್ದ ಪರದೆಯ ವೈರು ನೀಲಿ ಟೇಪಿನ ತೂತಿಗೇ ಹೋಯಿತು. ಪರದೆ ಹತ್ತಿಕೊಂಡಿತು. ವರ್ಲಿನ್ ಕೈ ಒರೆಸಿಕೊಂಡು ಇನ್ನು ಯಾರೂ ಇದರ ಹಿಂಬದಿ ಮುಟ್ಟಕೂಡದು ಎಂದು ಕಟ್ಟಪ್ಪಣೆ ಹೊರಡಿಸಿದ.

ಆಟ ಮಾತ್ರ ಮೊದಲಿನಷ್ಟೇ ಮಂದ. ಟೆನ್ಲಿ ಬಂದು ಹೇಳಿದಳು. ವರ್ಲಿನ್ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ವೈರಸ್ ಹುಡುಕಿದ. ಮೆಮೊರಿ ಕಿತ್ತು ಉಜ್ಜಿ ಕೂರಿಸಿದ. ಇಂಟರ್‌ನೆಟ್ ಕಂಪನಿಯ ಹುಡುಗಿಯೊಬ್ಬಳಿಗೆ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದ. ಆ ಪುಣ್ಯಾತ್ಗಿತ್ತಿ ಎಲ್ಲ ಕೇಳಿಸಿಕೊಂಡು ನಿಮ್ಮ ಲೈನು ಚೆನ್ನಾಗಿದೆ ಸಾರ್ ಎಂದಳು. ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದ. ಪ್ರತಿ ಸಲವೂ ಬಿಚ್ಚಿದ, ಪ್ರತಿ ಸಲವೂ ಟೇಪು ನೋಡಿಕೊಂಡು ನೀಲಿಯನ್ನು ನೀಲಿಗೇ ಕೂರಿಸಿದ. ತನ್ನ ತಪ್ಪನ್ನು ಅಷ್ಟು ಅಚ್ಚುಕಟ್ಟಾಗಿ ಮತ್ತೆ ಮತ್ತೆ ಮಾಡಿದವನು ಇನ್ನೊಬ್ಬನಿರಲಾರ.

ಕೊನೆಗೆ ಆಯ್ಕೆಯ ವಾರ ಬಂತು. ಟೆನ್ಲಿ ಶತ್ರು ಕಂಡು ಗುಂಡಿ ಒತ್ತುವ ಹೊತ್ತಿಗೆ ಅವಳ ಪರದೆಯಲ್ಲಿ ಚಿತ್ರ ಹೆಪ್ಪುಗಟ್ಟಿರುತ್ತಿತ್ತು. ಬಿಡಿಸಿಕೊಳ್ಳುವಷ್ಟರಲ್ಲಿ ಅವಳು ಸತ್ತಿರುತ್ತಿದ್ದಳು. ಸ್ಟಾರಾ ಮೇಡಂ ಅವಳನ್ನು ಬದಲಿ ಆಟಗಾರರ ಪಟ್ಟಿಗೆ ಹಾಕಿ, "ಪ್ರತಿಕ್ರಿಯೆ ನಿಧಾನ" ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಮಗಳು, "ಯಂತ್ರ ಸರಿ ಇಲ್ಲಪ್ಪಾ" ಎಂದಾಗ ವರ್ಲಿನ್‌ಗೆ ಸಿಟ್ಟು ನೆತ್ತಿಗೇರಿತು. ತನ್ನ ಕೆಲಸವನ್ನು ಬೈದಂತಾಯಿತು ಅವನಿಗೆ.

"ಯಂತ್ರ ಸರಿಯಾಗೇ ಇದೆ. ಕೈ ಸರಿ ಇಲ್ಲ" ಎಂದುಬಿಟ್ಟ.

ಅವನ ಹೆಂಡತಿ ಮಾರ್ಲಾ ಒಲೆಯ ಮುಂದಿನಿಂದ ತಿರುಗಿ, "ಅವ್ಳೇನು ಕಂಡೋರ ಮನೆ ಹುಡ್ಗೀನಾ, ಹಾಗಂತೀಯಲ್ಲ?" ಎಂದಳು. ಅಲ್ಲಿಗಾದರೂ ನಾಲಿಗೆ ಕಚ್ಚಿಕೊಳ್ಳಬಾರದಿತ್ತೇ? ಮಾರನೆಯ ದಿನ ಕಾಫಿ ಮೇಜಿನಲ್ಲಿ ಅದನ್ನೇ ನಗೆಯ ಕಥೆ ಮಾಡಿ ಹೇಳಿದ. ನಾನು ಕಟ್ಟಿದ ಕಂಪ್ಯೂಟರ್ ನಿಧಾನವಂತೆ ಕಣ್ರೋ, ಕೈಗೆ ಬೆಣ್ಣೆ ಸವರಿಕೊಂಡು ಆಡಿದರೆ ಇನ್ನೇನಾಗುತ್ತೆ ಎಂದ. ಮೇಜಿನ ಯಜಮಾನನೆಂದರೆ ಓಲ್ಟ್‌ಮನ್, ಹಂದಿ ಸಾಕಿ ಸಾಕಿ ಈಗ ಸುಮ್ಮನೆ ಕೂತಿರುವ ಮುದುಕ. ಅವನು ದಾಳದ ಲೋಟವನ್ನು ಮೇಜಿಗೆ ಕುಟ್ಟಿ, "ಬೆಣ್ಣೆಕೈ!" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವರ್ಲಿನ್ ಎಲ್ಲರಿಗಿಂತ ಜೋರಾಗಿ ನಕ್ಕ.

ಆ ಹೆಸರು ಊರು ಸುತ್ತಲು ಎಷ್ಟು ಹೊತ್ತು ಬೇಕು? ಶಾಲೆಯಲ್ಲಿ ವಾಲಿಬಾಲ್ ಪಂದ್ಯದ ದಿನ ಟೆನ್ಲಿ ತಿಂಡಿ ಅಂಗಡಿಯಿಂದ ಬೀನ್ಸ್ ಮತ್ತು ಮಾಂಸದ ಚಿಲ್ಲಿಯ ತಟ್ಟೆಗಳನ್ನು ಹಿಡಿದು ಬರುತ್ತಿದ್ದಳು. ಪ್ರೇಕ್ಷಕರ ಮೇಲಿನ ಸಾಲಿನಿಂದ ಓಲ್ಟ್‌ಮನ್ ಕೂಗಿದ: "ಏ ಬೆಣ್ಣೆಕೈ, ಚೆಲ್ಬೇಡ್ವೇ!" ಮುದುಕನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಹುಡುಗಿಯ ತರಗತಿಯವರೆಲ್ಲ ಅಲ್ಲೇ ಕೂತಿದ್ದರು. ಮಾರನೆಯ ದಿನದಿಂದ ಶಾಲೆಯ ಪಡಸಾಲೆಯಲ್ಲೂ ಅದೇ ಹೆಸರು. ಟೆನ್ಲಿ ಅಪ್ಪನಿಗೆ ಏನೂ ಹೇಳಲಿಲ್ಲ. ಕಂಪ್ಯೂಟರ್ ಮುಂದೆ ಕೂರುವುದನ್ನು ನಿಲ್ಲಿಸಿದಳು.

ಒಂದು ಶನಿವಾರ ತಿಂಡಿ ಆದಮೇಲೆ ಅವಳು ಕೇಳಿದಳು: "ಆ ಕಾರ್ಡ್ ತೆಗೆದುಕೊಡ್ತೀಯಾ? ಮಾರ್ತೀನಿ. ನಂಗೆ ಬೇಡ."

"ಯಾಕೆ? ಅಷ್ಟು ಕಷ್ಟಪಟ್ಟು ತಂದಿದೀಯ" ಎಂದ ವರ್ಲಿನ್.

"ಕೈ ಸರಿ ಇಲ್ವಲ್ಲ. ಕಾರ್ಡ್ ಇಟ್ಕೊಂಡು ಏನ್ಮಾಡ್ಲಿ?" ಎಂದು ಹೇಳಿ ಅವಳು ಅಮ್ಮನ ಜೊತೆ ಅಂಗಡಿಗೆ ಹೊರಟುಹೋದಳು.

ವರ್ಲಿನ್ ಕಂಪ್ಯೂಟರನ್ನು ಊಟದ ಮೇಜಿನ ಮೇಲೆ ಮಲಗಿಸಿ ಕಾರ್ಡ್ ಹೊರಕ್ಕೆಳೆದ. ಕೊಳ್ಳುವವರಿಗೆ ಕೊಡುವುದಲ್ಲವೇ, ಒರೆಸಿ ಕೊಡೋಣ ಎಂದು ಬಟ್ಟೆ ತೆಗೆದುಕೊಂಡ. ತೂತಿನ ಕಪ್ಪು ಮುಚ್ಚಳವೊಂದನ್ನು ಉಗುರಿನಿಂದ ಎಬ್ಬಿಸಿದ. ಒಳಗೆ ಹೊಸ ಚಿನ್ನದಂತೆ ಹೊಳೆಯುವ ತಗಡು. ಇನ್ನೊಂದು ಎಬ್ಬಿಸಿದ. ಅದೂ ಹಾಗೇ.

ಪ್ಲಗ್ ಒಮ್ಮೆ ಹೋಗಿ ಬಂದ ತೂತಿನಲ್ಲಿ ಗೀರು ಬಿದ್ದೇ ಬೀಳುತ್ತದೆ. ವರ್ಲಿನ್ ಹೊಟ್ಟೆ ಹೊರೆಯುವುದೇ ಅಂಥ ಗೀರುಗಳನ್ನು ನೋಡಿ. ಇಲ್ಲಿ ಒಂದು ಗೀರೂ ಇರಲಿಲ್ಲ. ಅವನು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಆಮೇಲೆ ನೀಲಿ ಟೇಪಿನ ತೂತನ್ನು ನೋಡಿದ. ಅದು ಕಾರ್ಡಿನದಲ್ಲ, ಕಂಪ್ಯೂಟರಿನಲ್ಲಿ ಮೊದಲಿಂದ ಇದ್ದ ಹಳೆಯ ಮದರ್‌ಬೋರ್ಡಿನದು. ಪರದೆಗೆ ಚಿತ್ರ ಬರುತ್ತಿದ್ದದ್ದು ಇಷ್ಟೂ ದಿನ ಆ ಹಳೆಯ ತೂತಿನಿಂದ. ಮಗಳು ಬಿಸಿಲಲ್ಲಿ ಬೆಂದು ತಂದ ಕಾರ್ಡ್ ಒಳಗೆ ಸುಮ್ಮನೆ ಫ್ಯಾನು ತಿರುಗಿಸುತ್ತ ಕೂತಿತ್ತು. ಒಂದು ದಿನವೂ ಅದು ಕೆಲಸ ಮಾಡಿರಲಿಲ್ಲ.

"ಅಯ್ಯೋ ದೇವ್ರೇ" ಎಂದ. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಯಾರಾದರೂ ನೋಡಿದರೇ ಎಂಬಂತೆ ಬಾಗಿಲ ಕಡೆ ತಿರುಗಿದ.

ಅವಸರವಸರವಾಗಿ ಕಾರ್ಡನ್ನು ಮತ್ತೆ ಕೂರಿಸಿ, ವೈರನ್ನು ಸರಿಯಾದ ತೂತಿಗೆ ಚುಚ್ಚಿ, ಆಟ ತೆರೆದ. ಪರದೆಯ ಮೇಲೆ ಹುಲ್ಲು ಗಾಳಿಗೆ ಓಲಾಡಿತು. ನೀರು ಹರಿಯಿತು. ಎಲ್ಲಿಯೂ ತಡೆಯಲಿಲ್ಲ. ವರ್ಲಿನ್‌ಗೆ ಮುಖವೆಲ್ಲ ಕಾದುಹೋಯಿತು. ಯಂತ್ರ ಸರಿ ಇದೆ, ಕೈ ಸರಿ ಇಲ್ಲ. ತಾನಾಡಿದ ಮಾತೇ ಕಿವಿಯಲ್ಲಿ ಮತ್ತೆ ಮತ್ತೆ ಗುಂಯ್‌ಗುಡುತ್ತಿತ್ತು. ಪ್ಲಗ್ ನೋಡಿದ್ರಾ ಎಂದು ಊರೆಲ್ಲ ಕೇಳಿಕೊಂಡು ಬಂದ ಮಹಾನುಭಾವ! ಆ ಮುದಿ ವಿಧವೆಯ ಪ್ರಿಂಟರಿನ ಕಥೆ ಹೇಳಿ ನಕ್ಕವನು! ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ.

ಇಷ್ಟು ನಾಚಿಕೆಯಾದ ಮೇಲಾದರೂ ಮನುಷ್ಯ ನೆಟ್ಟಗೆ ನಡೆದುಕೊಳ್ಳಬೇಕಲ್ಲ? ಇಲ್ಲ. ಹೊರಗೆ ಗಾಡಿಯ ಸದ್ದು ಕೇಳಿದ್ದೇ ತಡ, ಮುಚ್ಚಳಗಳನ್ನು ಅಂಗಿಯ ಜೇಬಿಗೆ ತುರುಕಿಕೊಂಡ. ಟೆನ್ಲಿ ಒಳಗೆ ಬಂದಾಗ ಗಂಟಲು ಸರಿಮಾಡಿಕೊಂಡು, "ಮಾರ್ಬೇಡ ಕಣೇ. ಏನೋ ಹೊಸ ಸಾಫ್ಟ್‌ವೇರ್ ಬಂದಿತ್ತು, ಹಾಕಿದೀನಿ. ಈಗ ಓಡ್ತಿದೆ ನೋಡು" ಎಂದ.

ಅವಳು ನಂಬದವಳಂತೆ ಬಂದು ಕೂತಳು. ಒಂದು ಆಟ ಆಡಿದಳು. ವರ್ಲಿನ್ ಬೆನ್ನ ಹಿಂದೆ ನಿಂತಿದ್ದ. ಆ ಕೈಗಳನ್ನು ಅವನು ನೋಡಿದ್ದು ಆವತ್ತೇ ಮೊದಲು ಇರಬೇಕು. ಶತ್ರು ಮೂಲೆಯಿಂದ ಮೂಗು ಹೊರಹಾಕುವಷ್ಟರಲ್ಲಿ ಅವನ ಕಥೆ ಮುಗಿದಿರುತ್ತಿತ್ತು. ಬೆರಳು ಆಡಿದ್ದೂ ಕಾಣುತ್ತಿರಲಿಲ್ಲ. ಟೆನ್ಲಿ ಆಟ ಮುಗಿಸಿದಳು. ನಗಲಿಲ್ಲ. ಎದ್ದು ಕಂಪ್ಯೂಟರಿನ ಹಿಂಬದಿಗೆ ಹೋಗಿ ಬಗ್ಗಿ ನೋಡಿದಳು.

"ಮುಚ್ಚಳ ಎಲ್ಲಪ್ಪಾ?" ಎಂದಳು.

ವರ್ಲಿನ್ ಅಂಗಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ.

"ಆ ಕಪ್ಪು ಮುಚ್ಚಳ. ಎಲ್ಲಿ?"

ಅವನು ಜೇಬಿಗೆ ಕೈ ಹಾಕಿ ಮುಚ್ಚಳಗಳನ್ನು ತೆಗೆದು ಅಂಗೈ ಚಾಚಿದ. ಕದ್ದು ಸಿಕ್ಕಿಬಿದ್ದವನಿಗೂ ಅಷ್ಟು ಅವಮಾನ ಆಗಿರಲಾರದು. "ನಂದೇ ತಪ್ಪು" ಎಂದ. "ನೀನು ಅವತ್ತೇ ಹೇಳಿದ್ದೆ. ನಾನು ಕೇಳ್ಲಿಲ್ಲ. ಈಗ ಸಾಫ್ಟ್‌ವೇರ್ ಅಂತ ಸುಳ್ಳೂ ಹೇಳ್ದೆ."

ಟೆನ್ಲಿಯ ಕಣ್ಣು ತುಂಬಿತು. "ನನ್ನ ಕೈಯೇ ಹಾಳಾಗಿದೆ ಅಂದ್ಕೊಂಡಿದ್ದೆ ಅಪ್ಪಾ. ನಿಜ್ವಾಗ್ಲೂ ಅಂದ್ಕೊಂಡಿದ್ದೆ. ಜೋಳ ಕಿತ್ತು ಕಿತ್ತು ಬೆರಳು ಹೋಗಿದೆ ಅಂತ ರಬ್ಬರ್ ಚೆಂಡು ಹಿಸುಕ್ತಿದ್ದೆ ದಿನಾ."

"ಸೋಮವಾರ ಸ್ಟಾರಾ ಮೇಡಂ ಹತ್ರ ನಾನೇ ಹೋಗಿ ಹೇಳ್ತೀನಿ. ಇನ್ನೊಂದು ಸಲ ನೋಡಿ ಅಂತ—"

"ಬೇಡ. ತಂಡ ಆಗೋಯ್ತು. ಈ ವರ್ಷದ್ದು ಮುಗೀತು. ಮುಂದಿನ ವರ್ಷ ನಾನೇ ನೋಡ್ಕೋತೀನಿ, ಮೇಡಂ ಹತ್ರ ನೀನು ಬರ್ಬೇಡ." ಅವಳು ಮೂಗು ಒರೆಸಿಕೊಂಡಳು. "ನೀನು ಎಲ್ಲಿ ಹೇಳಿದ್ಯೋ ಅಲ್ಲಿ ಹೋಗಿ ಹೇಳು. ನಂಗೆ ಆ ಹೆಸ್ರು ಬೇಡ. ಸಾಯೋ ತನಕ ನಂಗೆ ಆ ಹೆಸ್ರು ಬೇಡ."

ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾನುವಾರವಿಡೀ ಅಪ್ಪನೊಂದಿಗೆ ಒಂದು ಮಾತಿಲ್ಲ. ಚರ್ಚಿನಲ್ಲಿ ಅವನ ಪಕ್ಕ ಕೂರದೆ ಅಮ್ಮನ ಆಚೆ ಹೋಗಿ ಕೂತಳು.

ಸೋಮವಾರ ಗೋದಾಮಿನ ಮುಂದೆ ಗಾಡಿ ನಿಲ್ಲಿಸಿ ವರ್ಲಿನ್ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದ. ಇವತ್ತು ಬೇಡ, ನಾಳೆ ಹೇಳಿದರಾಗದೇ ಎಂದು ಮನಸ್ಸು ಜಗ್ಗುತ್ತಿತ್ತು. ಒಳಗೆ ಹೋದ ಮೇಲೂ ದಾಳ ಕುಲುಕಿದ, ಹವಾಮಾನದ ಮಾತಾಡಿದ, ಜೋಳದ ತೇವದ ಮಾತಾಡಿದ. ಓಲ್ಟ್‌ಮನ್ ತಾನೇ ಕೇಳಿಬಿಟ್ಟ: "ಏನಪ್ಪಾ, ನಮ್ ಬೆಣ್ಣೆಕೈ ಹೇಗಿದಾಳೆ?"

ಎಲ್ಲರೂ ನಕ್ಕರು. ಎಂದಿನಂತೆ ವರ್ಲಿನ್‌ನ ಬಾಯಿಯೂ ನಗುವುದಕ್ಕೆ ತೆರೆದುಕೊಂಡಿತ್ತು. ಅವನು ಅದನ್ನು ಮುಚ್ಚಿ, ಜೇಬಿನಿಂದ ಕಪ್ಪು ಮುಚ್ಚಳಗಳನ್ನು ತೆಗೆದು ದಾಳಗಳ ಪಕ್ಕದಲ್ಲಿಟ್ಟ.

"ಇದೇನೋ ಇದು, ಮೊಲದ ಹಿಕ್ಕೆ?" ಎಂದ ಓಲ್ಟ್‌ಮನ್.

ವರ್ಲಿನ್ ಹೇಳಿದ. ಮೇಜಿನಲ್ಲಿ ಕಂಪ್ಯೂಟರ್ ಗೊತ್ತಿದ್ದವರು ಯಾರೂ ಇರಲಿಲ್ಲ. ಅದು ಇನ್ನೂ ಕಷ್ಟವಾಯಿತು. ಮಕ್ಕಳಿಗೆ ಹೇಳಿದ ಹಾಗೆ ಬಿಡಿಸಿ ಬಿಡಿಸಿ ಹೇಳಬೇಕಾಯಿತು. ಒಂದೊಂದು ಮಾತಿಗೂ ಅವನೇ ಚಿಕ್ಕವನಾಗುತ್ತಿದ್ದ.

"ತಡಿ ತಡಿ. ಅಂದ್ರೆ ಹೊಸಾ ಟ್ರ್ಯಾಕ್ಟರ್ ತಂದು ಕೊಟ್ಟಿಗೇಲಿ ನಿಲ್ಸಿ, ನೇಗಿಲನ್ನ ಹಳೇ ಕುದುರೆಗೇ ಕಟ್ದೆ?" ಎಂದ ಓಲ್ಟ್‌ಮನ್.

"ಹೂಂ."

"ಬೇಸಿಗೆಯಿಂದ?"

"ಹೂಂ."

"ಪ್ಲಗ್ಗನ್ನ ಬೇರೆ ತೂತಿಗೆ ಹಾಕಿದ್ದೆ. ನೀನು."

"ನಾನೇ."

"ಆ ಹುಡ್ಗಿಗೆ ಗೊತ್ತಾಗ್ಲಿಲ್ವಾ?"

ಇಲ್ಲಿ ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಗೊತ್ತಾಗಿತ್ತು" ಎಂದ ವರ್ಲಿನ್, ತಲೆ ಎತ್ತದೆ. "ಮೊದಲ್ನೇ ದಿನಾನೇ ಹೇಳಿದ್ಳು. ಬಾಯಿ ಮುಚ್ಚು ಅಂದೆ. ಆಮೇಲೆ ಇಲ್ಲಿ ಬಂದು ಅವ್ಳನ್ನ ಆಡ್ಕೊಂಡೆ."

ನಗುತ್ತಾರೆಂದು ಅವನು ಕಾದ. ಯಾರೂ ನಗಲಿಲ್ಲ. ಒಬ್ಬ ಕಾಫಿ ಲೋಟದೊಳಗೆ ನೋಡಿದ, ಇನ್ನೊಬ್ಬ ಕಿಟಕಿಯಾಚೆ ನೋಡಿದ. ಅಲ್ಲಿದ್ದವರಲ್ಲಿ ಎಷ್ಟೋ ಜನ ತಮ್ಮ ಹುಡುಗಿಯರನ್ನು ಸೂಲಂಗಿ ಕೀಳಲು ಕಳಿಸಿದವರೇ. ನಕ್ಕಿದ್ದರೆ ವಾಸಿಯಿತ್ತು ಅನ್ನಿಸಿತು ವರ್ಲಿನ್‌ಗೆ.

ಓಲ್ಟ್‌ಮನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾನು ಅವತ್ತು ಅಷ್ಟು ಜನದ ಮುಂದೆ ಕೂಗ್ಬಾರ್ದಿತ್ತು" ಎಂದು ಯಾರಿಗೋ ಹೇಳುವಂತೆ ಹೇಳಿದ. ಆಮೇಲೆ ವರ್ಲಿನ್‌ನನ್ನು ಮೇಲಿಂದ ಕೆಳಗೆ ನೋಡಿ, ಒಂದೇ ಮಾತು ಅಂದ: "ಪ್ಲಗ್."

ಆಗ ನಗು ಒಡೆಯಿತು. ಕಾಫಿ ಮೂಗಿಗೇರಿ ಒಬ್ಬ ಕೆಮ್ಮಿದ. ಪ್ಲಗ್ ಹ್ರಬಾಕ್! ಹೇಳಿ ಮಾಡಿಸಿದ ಹೆಸರು. ಸಮಾಧಿಯ ಕಲ್ಲಿನ ಮೇಲೂ ಕೂರುತ್ತೆ ಎಂದರು. ವರ್ಲಿನ್ ನಗು ಮುಗಿಯುವ ತನಕ ಕೂತಿದ್ದು, "ಅವಳ ಹೆಸ್ರು?" ಎಂದ.

"ಇಲ್ಲಿ ಇಟ್ಟಿದ್ದು ಯಾವತ್ತೂ ವಾಪಸ್ ತಗೊಂಡಿಲ್ಲ, ಗೊತ್ತಲ್ಲ?" ಎಂದ ಓಲ್ಟ್‌ಮನ್.

"ಗೊತ್ತು. ಅದಕ್ಕೇ ಕೇಳ್ತಿದೀನಿ. ಕೈ ಮುಗೀತೀನಿ ಕಣಯ್ಯಾ."

ಮುದುಕ ದಾಳಗಳನ್ನು ಲೋಟಕ್ಕೆ ತುಂಬಿದ. "ಒಂದ್ಮನೆಗೆ ಎರಡು ಹೆಸ್ರು ಯಾಕೆ? ಜನಕ್ಕೆ ಗೊಂದಲ. ಒಂದು ಸಾಕು. ಏನ್ರಪ್ಪಾ?" ಯಾರೂ ಇಲ್ಲವೆನ್ನಲಿಲ್ಲ. "ನನ್ನ ಮೊಮ್ಮಗನಿಗೂ ಹೇಳ್ತೀನಿ. ಶಾಲೇಲಿ ಅವನೇ ತಾನೇ ಹೆಚ್ಚು ಕಿರುಚೋದು. ಹಾಕು ದಾಳ, ಪ್ಲಗ್."

ಸುದ್ದಿ ಅವನ ಗಾಡಿಗಿಂತ ಮುಂಚೆ ಮನೆ ಸೇರಿತ್ತು. ಆ ದಿನ ಹೊಲದಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಅಂಚೆ ಕಚೇರಿಯ ಬಾಗಿಲಲ್ಲಿ ಅವನನ್ನು ಜನ ಹೊಸ ಹೆಸರಿನಿಂದಲೇ ಕರೆದರು. ಪ್ರಿಂಟರಿನ ವಿಧವೆಯಂತೂ ರಸ್ತೆಯ ಆಚೆಯಿಂದಲೇ, "ಮೊದ್ಲು ಪ್ಲಗ್ ನೋಡಿದ್ಯಾ?" ಎಂದು ಕೂಗಿ ಸೇಡು ತೀರಿಸಿಕೊಂಡಳು. ವರ್ಲಿನ್ ಒಂದೊಂದು ಸಲವೂ ಕೆಂಪಾದ, ಒಂದೊಂದು ಸಲವೂ ಟೋಪಿ ಮುಟ್ಟಿ ಹೂಂ ಅಂದ.

ಸಂಜೆ ಊಟಕ್ಕೆ ಚಿಲ್ಲಿ, ಜೊತೆಗೆ ದಾಲ್ಚಿನ್ನಿ ರೋಲು. ಮೂವರೂ ತಲೆ ಬಗ್ಗಿಸಿ ಪ್ರಾರ್ಥನೆ ಹೇಳಿದರು. ಮಾರ್ಲಾ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು, ರೋಲು ಮುರಿದಳು.

"ಪ್ಲಗ್" ಎಂದಳು ಟೆನ್ಲಿ. ತಟ್ಟೆಯಿಂದ ಕಣ್ಣೆತ್ತಿರಲಿಲ್ಲ. "ಆ ಚಿಲ್ಲಿ ಪಾತ್ರೆ ಈ ಕಡೆ ಕೊಡು."

ಶನಿವಾರದಿಂದ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ವರ್ಲಿನ್ ಎದ್ದೇ ನಿಂತು ಪಾತ್ರೆಯನ್ನು ಎರಡು ಕೈಯಲ್ಲೂ ಹಿಡಿದು ಚಾಚಿದ. ಅವಸರ ಹೆಚ್ಚಾಯಿತು. ಪಾತ್ರೆ ವಾಲಿ ಮೇಜಿನ ಬಟ್ಟೆಯ ಮೇಲೆ ಒಂದಿಷ್ಟು ಚಿಲ್ಲಿ ಚೆಲ್ಲಿತು.

ಮೂವರೂ ಆ ಕಲೆಯನ್ನೇ ನೋಡಿದರು. ಅಂಥ ಹೊತ್ತಿಗೆ ಹೇಳಿ ಮಾಡಿಸಿದ ಹಳೆಯ ಹೆಸರು ಯಾವುದೆಂದು ಮೂವರಿಗೂ ಗೊತ್ತಿತ್ತು. ಹೇಳಲಿ, ಅವಳು ಹೇಳಿಬಿಡಲಿ ಎಂದುಕೊಂಡು ವರ್ಲಿನ್ ನಿಂತೇ ಇದ್ದ. ಟೆನ್ಲಿ ಆ ಹೆಸರು ಹೇಳಲಿಲ್ಲ. ಪಾತ್ರೆಯನ್ನು ಅವನ ಕೈಯಿಂದ ತೆಗೆದುಕೊಂಡು ಕೆಳಗಿಟ್ಟಳು, ಬಟ್ಟೆ ತಂದು ಕಲೆ ಒರೆಸಿದಳು.

"ಕೂತ್ಕೋ ಅಪ್ಪಾ, ಊಟ ಆರೋಗತ್ತೆ" ಎಂದಳು.